ಎಪ್ಪತ್ತು ಸಾವಿರ ಪದಗಳ ಪಾದ್ರಿ

ಕಿಟೆಲ್ ಅಂದ್ರೆ ನಿಘಂಟು, ನಿಘಂಟು ಅಂದ್ರೆ ಕಿಟೆಲ್. ಇಷ್ಟು ನಮ್ಮಲ್ಲಿ ಸುಮಾರು ಜನರಿಗೆ ಗೊತ್ತು. ಬೆಂಗಳೂರಿನ ಎಂ.ಜಿ. ರೋಡಿನಲ್ಲಿ ಅವರ ಪ್ರತಿಮೆ ಇದೆ, ಧಾರವಾಡದಲ್ಲಿ ಅವರ ಹೆಸರಿನ ಕಾಲೇಜಿದೆ. ಆದರೆ ಅವರು ನಿಘಂಟು ಬರೆಯೋಕೆ ಅಂತ ಇಲ್ಲಿಗೆ ಬಂದವರಲ್ಲ. ಬಂದಿದ್ದು ಪಾದ್ರಿಯಾಗಿ, ಕ್ರೈಸ್ತ ಧರ್ಮದ ಪ್ರಚಾರಕ್ಕೆ. ಬಂದ ಕೆಲಸ ಒಂದು, ಉಳಿದ ಕೆಲಸ ಇನ್ನೊಂದು. ಅದು ಹೇಗಾಯ್ತು ಅನ್ನೋದೇ ಅವರ ಜೀವನದ ಕಥೆ.

ಫರ್ಡಿನೆಂಡ್ ಕಿಟೆಲ್ ಹುಟ್ಟಿದ್ದು 1832ರಲ್ಲಿ, ಜರ್ಮನಿಯ ಉತ್ತರದ ಕಡಲತೀರದ ಹತ್ತಿರ ಇರುವ ರೆಸ್ಟರ್‌ಹಾಫೆ ಎಂಬ ಸಣ್ಣ ಊರಲ್ಲಿ. ಅಪ್ಪ ಅಲ್ಲಿನ ಲುಥೆರನ್ ಚರ್ಚಿನ ಪಾದ್ರಿ. ಒಂದು ತಮಾಷೆ ನೋಡಿ, ಅದೇ 1832ರಲ್ಲಿ ವಿಲಿಯಂ ರೀವ್ ಎಂಬ ಇನ್ನೊಬ್ಬ ಪಾದ್ರಿಯ ಕನ್ನಡ-ಇಂಗ್ಲಿಷ್ ನಿಘಂಟು ಅಚ್ಚಾಗಿ ಬಂತು. ಮುಂದೆ ಅದನ್ನು ಹಿಂದೆ ಹಾಕುವ ನಿಘಂಟು ಬರೆಯುವ ಮನುಷ್ಯ ಆಗಷ್ಟೇ ತೊಟ್ಟಿಲಲ್ಲಿದ್ದ.

ಹುಡುಗ ಕಿಟೆಲ್‌ಗೆ ಭಾಷೆಗಳ ಹುಚ್ಚು. 1850ರಲ್ಲಿ, ಅಂದ್ರೆ ನಾವು ಪಿಯುಸಿ ಮುಗಿಸೋ ವಯಸ್ಸಲ್ಲಿ, ಅವರು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಸೇರಿದರು. 1853ರಲ್ಲಿ ಮಂಗಳೂರಿಗೆ ಬಂದರು. ಆಗ ಅವರಿಗೆ ಇಪ್ಪತ್ತೊಂದು ವರ್ಷ. ನಮ್ಮ ಸೀನಿಯರ್‌ಗಳ ವಯಸ್ಸು!

ಬಾಸೆಲ್ ಮಿಷನ್ ಅಂದ್ರೆ ಬರೀ ಚರ್ಚು ಅಲ್ಲ. ನಮ್ಮ ಕರಾವಳಿಯ ಮನೆಗಳ ಮೇಲಿರುವ ಮಂಗಳೂರು ಹೆಂಚಿನ ಕಾರ್ಖಾನೆಯನ್ನು 1865ರಲ್ಲಿ ಶುರು ಮಾಡಿದ್ದು ಅದೇ ಸಂಸ್ಥೆ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರತಂದ ಹರ್ಮನ್ ಮೊಗ್ಲಿಂಗ್ ಅದರದ್ದೇ ಪಾದ್ರಿ. ಮೊಗ್ಲಿಂಗ್ ತಾಳೆಗರಿಗಳಲ್ಲಿದ್ದ ಕನ್ನಡ ಕಾವ್ಯಗಳನ್ನು ಹುಡುಕಿ ಅಚ್ಚು ಮಾಡಿಸುವ ಕೆಲಸವನ್ನೂ ಶುರು ಮಾಡಿದ್ದರು. ಕಿಟೆಲ್ ಹಿಡಿದಿದ್ದು ಅದೇ ದಾರಿಯನ್ನು.

ಆದರೆ ಅವರು ಆ ದಾರಿಯಲ್ಲಿ ಸ್ವಲ್ಪ ಜಾಸ್ತಿನೇ ದೂರ ಹೋದರು. ಇಲ್ಲಿನವರಿಗೆ ಏನಾದರೂ ಹೇಳಬೇಕು ಅಂದ್ರೆ ಮೊದಲು ಇಲ್ಲಿನವನೇ ಆಗಬೇಕು ಅನ್ನೋದು ಅವರ ನಂಬಿಕೆ. ಹಳ್ಳಿಗಳಿಗೆ ನಡೆದು ಹೋಗೋದು, ಜನ ಹೇಗೆ ಮಾತಾಡ್ತಾರೆ ಅಂತ ಕೇಳೋದು, ಹಳೇ ಪುಸ್ತಕ ಹುಡುಕೋದು. ಮಿಷನ್ನಿನ ಹಿರಿಯರಿಗೆ ಇದು ಅಷ್ಟಾಗಿ ಹಿಡಿಸಲಿಲ್ಲ. ಪ್ರಚಾರಕ್ಕೆ ಕಳಿಸಿದ ಹುಡುಗ ಕನ್ನಡ ಕಾವ್ಯ ಓದ್ತಾ ಕೂತರೆ ಹೇಗೆ? ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಪ್ರಾಜೆಕ್ಟಿಗೆ ಅಂತ ಕೊಟ್ಟ ಟೈಮಲ್ಲಿ ಬೇರೆ ಏನೋ ಮಾಡ್ತಿದ್ದಾನೆ ಅಂತ ಗೈಡಿಗೆ ಸಿಟ್ಟು.

ನಿಜ ಹೇಳಬೇಕು ಅಂದ್ರೆ ಎರಡೂ ಒಂದೇ ಕೆಲಸದ ಎರಡು ತುದಿಗಳು. ಈಸ್ಟರ್ ಹಬ್ಬವನ್ನೇ ತಗೊಳ್ಳಿ. ಶಿಲುಬೆಗೇರಿದ ಯೇಸು ಮೂರನೇ ದಿನ ಎದ್ದು ಬಂದ ಅನ್ನೋದು ಆ ಹಬ್ಬದ ತಿರುಳು, ಕ್ರೈಸ್ತ ನಂಬಿಕೆಯ ಬುಡ. ಇದನ್ನು ಕನ್ನಡದಲ್ಲಿ ಹೇಳೋದು ಹೇಗೆ? ಪುನರ್ಜನ್ಮ ಅಂದ್ರೆ ಕೇಳಿದವರು ಇನ್ನೊಂದು ಹುಟ್ಟು, ಇನ್ನೊಂದು ದೇಹ ಅಂದ್ಕೋತಾರೆ. ಆಗ ಕಥೆಯೇ ಬದಲಾಗಿ ಹೋಗುತ್ತೆ. ಅದಕ್ಕೇ ಕನ್ನಡ ಬೈಬಲ್ಲಿನಲ್ಲಿ ಇರೋದು ಪುನರುತ್ಥಾನ, ಅಂದ್ರೆ ಮತ್ತೆ ಏಳೋದು. ಒಂದು ಪದ ತಪ್ಪಿದರೆ ಇಡೀ ಹಬ್ಬದ ಅರ್ಥವೇ ತಪ್ಪುತ್ತೆ. ಹೀಗಿರುವಾಗ ಪಾದ್ರಿಗೆ ಪದಗಳ ಬಗ್ಗೆ ತಲೆಬಿಸಿ ಇಲ್ಲದೇ ಹೋದರೇ ಆಶ್ಚರ್ಯ.

1862ರಲ್ಲಿ ಕಿಟೆಲ್ 'ಕಥಾಮಾಲೆ' ಎಂಬ ಪುಸ್ತಕ ಬರೆದರು. ಅದು ಯೇಸುವಿನ ಜೀವನ, ನಮ್ಮ ಛಂದಸ್ಸಿನಲ್ಲಿ. ಜರ್ಮನ್ ಹಾಡಿನ ಧಾಟಿಗೆ ಕನ್ನಡ ಪದ ತುರುಕುವುದು ಸುಲಭ ಇತ್ತು, ಅವರು ಹಾಗೆ ಮಾಡಲಿಲ್ಲ. ಯಲ್ಲಾಪುರ, ಶಿರಸಿ ಕಡೆ ತಾಳಮದ್ದಲೆ ಕೇಳಿ ಬೆಳೆದವರಿಗೆ ಇದರ ಕಷ್ಟ ಅರ್ಥ ಆಗುತ್ತೆ. ಒಂದು ಮಾತ್ರೆ ಹೆಚ್ಚು ಕಡಿಮೆ ಆದರೂ ಪದ್ಯ ಕುಂಟುತ್ತೆ, ಭಾಗವತರು ಮುಖ ಸಿಂಡರಿಸ್ತಾರೆ. ಕನ್ನಡ ಕಲಿಯೋಕೆ ಶುರು ಮಾಡಿ ಹತ್ತು ವರ್ಷವೂ ಆಗದ ಒಬ್ಬ ಹೊರಗಿನವರು ಆ ಲೆಕ್ಕಕ್ಕೆ ಕೈ ಹಾಕಿದ್ದರು.

ಮನೆಯಲ್ಲಿ ಸುಖ ಹೆಚ್ಚು ದಿನ ಇರಲಿಲ್ಲ. 1860ರಲ್ಲಿ ಪೌಲಿನಾ ಐತ್ ಜೊತೆ ಮದುವೆ ಆಯ್ತು, 1864ರಲ್ಲಿ ಪೌಲಿನಾ ತೀರಿಕೊಂಡರು. ಆಮೇಲೆ ಅವರ ತಂಗಿ ಜೂಲಿಯನ್ನು ಮದುವೆಯಾದರು. ಇದರ ನಡುವೆ ಓದು ನಿಲ್ಲಲಿಲ್ಲ. ಹದಿಮೂರನೇ ಶತಮಾನದ ಕೇಶಿರಾಜನ ವ್ಯಾಕರಣ 'ಶಬ್ದಮಣಿದರ್ಪಣ'ವನ್ನು 1872ರಲ್ಲಿ, ನಾಗವರ್ಮನ 'ಛಂದೋಂಬುಧಿ'ಯನ್ನು 1875ರಲ್ಲಿ ಸಂಪಾದಿಸಿ ಅಚ್ಚಿಗೆ ಕೊಟ್ಟರು. ಒಂದೊಂದು ಹಸ್ತಪ್ರತಿಯಲ್ಲಿ ಒಂದೊಂದು ಪಾಠ ಇರುತ್ತೆ. ಎಲ್ಲವನ್ನೂ ಪಕ್ಕಪಕ್ಕ ಇಟ್ಟು ಸರಿಯಾದದ್ದನ್ನು ಆರಿಸಬೇಕು. ಕಂಟ್ರೋಲ್ ಎಫ್ ಇಲ್ಲದ ಕಾಲ!

ಇಷ್ಟೆಲ್ಲ ತಯಾರಿ ಕೊನೆಗೆ ಸೇರಿದ್ದು ನಿಘಂಟಿಗೆ. ಎರಡು ದಶಕದಷ್ಟು ದುಡಿಮೆಯ ನಂತರ 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನಿಂದ ಅದು ಹೊರಬಂತು. ಸುಮಾರು 70,000 ಪದಗಳು, 1,700ಕ್ಕೂ ಹೆಚ್ಚು ಪುಟ. ಕಾವ್ಯದ ಪದ, ಸಂತೆಯ ಪದ, ಗಾದೆ, ಊರಿಂದ ಊರಿಗೆ ಬದಲಾಗುವ ಬಳಕೆ ಎಲ್ಲ ಒಂದೇ ಕಡೆ. ಪದ ಎಲ್ಲಿ ಸಿಕ್ಕಿತು ಅನ್ನೋ ಗುರುತೂ ಜೊತೆಗಿದೆ. ಇದೆಲ್ಲಕ್ಕಿಂತ ಮುಖ್ಯವಾದದ್ದು, ಅದೇ ಪದ ತಮಿಳು, ತೆಲುಗು, ಮಲಯಾಳ, ತುಳುವಿನಲ್ಲಿ ಹೇಗಿದೆ ಅಂತ ಹೋಲಿಸಿ ತೋರಿಸಿದ್ದು.

ಈ ಹೋಲಿಕೆಯಿಂದ ಏನು ಸಿಗುತ್ತೆ ಅನ್ನೋದಕ್ಕೆ ನಮ್ಮೂರಿನ ಹೆಸರನ್ನೇ ನೋಡೋಣ. ನಮ್ಮದು ಅರಬೈಲ್, ಯಲ್ಲಾಪುರದಿಂದ ಅಂಕೋಲೆಗೆ ಇಳಿಯುವ ಘಟ್ಟದ ಊರು. ಇದರಲ್ಲಿರೋ ಬೈಲ್ ಅಂದ್ರೆ ಬಯಲು. ತುಳುವಿನಲ್ಲೂ ಅದು ಬೈಲ್, ತೆಲುಗಿನಲ್ಲಿ ಬಯಲು, ತಮಿಳು ಮತ್ತು ಮಲಯಾಳದಲ್ಲಿ ವಯಲ್. ತಮಿಳಿನ ವಕಾರ ಕನ್ನಡದಲ್ಲಿ ಬಕಾರ ಆಗೋದು ಒಂದು ನಿಯಮ. ವಿಲ್ ಬಿಲ್ಲಾಗುತ್ತೆ, ವೆಳ್ಳಿ ಬೆಳ್ಳಿಯಾಗುತ್ತೆ. ತಮಿಳಿನಲ್ಲಿ ವಯಲ್ ಅಂದ್ರೆ ಗದ್ದೆ. ನಮ್ಮ ಕಡೆ ಹಿರಿಯರು ಬೈಲಿಗೆ ಹೋಗ್ತೇನೆ ಅಂದ್ರೂ ಗದ್ದೆಗೇ ಹೋಗೋದು. ಆಡುಮಾತು ಅಂತ ನಾವು ಬದಿಗೆ ಸರಿಸಿದ ಪದದಲ್ಲಿ ಹಳೇ ಅರ್ಥ ಹಾಗೇ ಉಳಿದಿದೆ. ಕನ್ನಡ ಅಂದ್ರೆ ಸಂಸ್ಕೃತದಿಂದ ಬಂದ ಭಾಷೆ ಅಂತ ಎಷ್ಟೋ ಜನ ನಂಬಿದ್ದ ಕಾಲ ಅದು. ಕಿಟೆಲ್ ಅಷ್ಟಕ್ಕೇ ನಿಲ್ಲದೆ, ಸಂಸ್ಕೃತಕ್ಕೇ ದ್ರಾವಿಡ ಭಾಷೆಗಳಿಂದ ಹೋಗಿರಬಹುದಾದ ಪದಗಳ ಪಟ್ಟಿಯನ್ನೂ ಮಾಡಿದರು.

ಹಳಗನ್ನಡದಲ್ಲಿ ಱ ಮತ್ತು ೞ ಅಂತ ಎರಡು ಅಕ್ಷರ ಇದ್ದವು. ಅವರ ಕಾಲಕ್ಕೆ ಅವು ಬಳಕೆಯಿಂದ ಬಿದ್ದು ಹೋಗಿ ಶತಮಾನಗಳಾಗಿದ್ದವು. ಕಿಟೆಲ್ ಅವನ್ನು ಬಿಡದೆ ನಿಘಂಟಿನಲ್ಲಿ ಇಟ್ಟುಕೊಂಡರು. ಇವತ್ತು ನಮ್ಮ ಮೊಬೈಲಿನಲ್ಲಿ ಅವೆರಡೂ ಮೂಡುತ್ತವೆ, ಯಾಕಂದ್ರೆ ಯೂನಿಕೋಡಿನಲ್ಲಿ ಎರಡಕ್ಕೂ ಜಾಗ ಇದೆ. ಆದರೆ ಯೂನಿಕೋಡಿನವರು ೞ ಅಕ್ಷರಕ್ಕೆ ತಪ್ಪಾಗಿ 'ಫ' ಅನ್ನೋ ಹೆಸರು ಕೊಟ್ಟುಬಿಟ್ಟರು. ಅಲ್ಲಿ ಒಮ್ಮೆ ಕೊಟ್ಟ ಹೆಸರು ಬದಲಾಯಿಸೋ ಹಾಗಿಲ್ಲ, ಹಾಗಾಗಿ ಆ ತಪ್ಪು ಇನ್ನೂ ಹಾಗೇ ಇದೆ. ಇಷ್ಟು ದೊಡ್ಡ ತಂತ್ರಜ್ಞಾನ ಎಡವಿದ ಕಡೆ, ಎಣ್ಣೆದೀಪದ ಕಾಲದ ಒಬ್ಬ ಪಾದ್ರಿ ಎಡವಲಿಲ್ಲ. ಅವರು ಮೊದಲು ಕೇಶಿರಾಜನನ್ನು ಓದಿದ್ದರು, ಅಷ್ಟೇ ವ್ಯತ್ಯಾಸ.

1892ರಲ್ಲಿ ಕಿಟೆಲ್ ಭಾರತ ಬಿಟ್ಟು ಜರ್ಮನಿಗೆ ಹೋದರು. 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ರೆಸ್ಟ್ ತಗೊಳ್ಳೋ ವಯಸ್ಸಲ್ಲಿ ಅವರು ಕನ್ನಡ ವ್ಯಾಕರಣ ಬರೆಯೋಕೆ ಕೂತರು. ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಹೋಲಿಸುವ ಆ ಪುಸ್ತಕ 1903ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಕಿಟೆಲ್ ತೀರಿಕೊಂಡರು.

ಅವರ ಪ್ರಚಾರದಿಂದ ಎಷ್ಟು ಜನ ಧರ್ಮ ಬದಲಾಯಿಸಿದರು ಅಂತ ಇವತ್ತು ಯಾರೂ ಕೇಳೋದಿಲ್ಲ. ಮಿಷನ್ ಹಾಕಿಕೊಂಡಿದ್ದ ಆ ಲೆಕ್ಕದಲ್ಲಿ ಅವರು ದೊಡ್ಡ ಹೆಸರಲ್ಲ. ಹಿರಿಯರು ಅಡ್ಡಕೆಲಸ ಅಂದುಕೊಂಡಿದ್ದೇ ಉಳಿಯಿತು. ಎಪ್ಪತ್ತು ವರ್ಷಗಳ ನಂತರ ಎಂ. ಮರಿಯಪ್ಪ ಭಟ್ಟರು ಅದನ್ನು ಪರಿಷ್ಕರಿಸಿದಾಗ ಮದ್ರಾಸ್ ವಿಶ್ವವಿದ್ಯಾಲಯ ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿತು. ಹಾಗಂತ ಅವರ ನಂಬಿಕೆಯನ್ನು ಪಕ್ಕಕ್ಕಿಟ್ಟು ನಿಘಂಟನ್ನು ಮಾತ್ರ ಹೊಗಳಿದರೆ ಅದೂ ಅನ್ಯಾಯ. ತಾನು ನಂಬಿದ ಕಥೆಯನ್ನು ಇನ್ನೊಬ್ಬರ ಭಾಷೆಯಲ್ಲಿ ಸರಿಯಾಗಿ ಹೇಳಬೇಕು ಅನ್ನೋ ಹಟ ಇದ್ದಿದ್ದಕ್ಕೇ ಅವರು ಪದದ ಹಿಂದೆ ಬಿದ್ದರು. ಬಿದ್ದ ಮೇಲೆ ಆ ಭಾಷೆ ಇನ್ನೊಬ್ಬರದ್ದಾಗಿ ಉಳಿಯಲಿಲ್ಲ.

ನಿಘಂಟಿನ ಸ್ಕ್ಯಾನ್ ಪ್ರತಿ ಈಗ ಆನ್‌ಲೈನ್‌ನಲ್ಲಿ ಫ್ರೀಯಾಗಿ ಸಿಗುತ್ತೆ. ಇಂಟರ್ನಲ್ಸ್ ಮುಗಿದ ಮೇಲೆ ಹತ್ತು ನಿಮಿಷ ಬಿಡುವು ಮಾಡ್ಕೊಂಡು, ನಿಮ್ಮ ಊರಿನ ಹೆಸರಿನ ಕೊನೆಯಲ್ಲಿರೋ ಪದವನ್ನು ಅದರಲ್ಲಿ ಹುಡುಕಿ. ಬೈಲ್, ಹಳ್ಳ, ಗುಂದಿ, ಸರ, ಏನೇ ಇರಲಿ. ಸಿಕ್ಕಿದ್ದನ್ನು ನಮ್ಮ ಕ್ಲಬ್ಬಿಗೆ ಬರೆದು ಕಳಿಸಿ.