ಸವಾಯಿ ಗಂಧರ್ವರ ಜೀವಿತ

ಧಾರವಾಡ ಸೀಮೆಯ ಕುಂದಗೋಳದ ರಾಮಭಾವು ಎಂಬ ಗಾಯಕರ ಚರಿತ್ರೆಯನ್ನು ನಾವು ಸಂಕ್ಷೇಪವಾಗಿ ಹೇಳುವೆವು. ಇವರು 1886ನೆಯ ಇಸವಿಯಲ್ಲಿ ಜನಿಸಿದರು. ಬಾಲ್ಯದಲ್ಲಿ ಇಂಪಾಗಿದ್ದ ಇವರ ಕಂಠವು ಪ್ರಾಯ ಬರಲು ಒಡೆದು, ದಪ್ಪವೂ ಗಡುಸೂ ಆಯಿತು. ಬೇರೊಬ್ಬನಾದರೆ ಹಾಡುವುದನ್ನೇ ಬಿಡುತ್ತಿದ್ದನು. ಇವರಾದರೋ ಅಬ್ದುಲ್ ಕರೀಮ್ ಖಾನರ ಶಿಷ್ಯರಾಗಿ, ಒಂದೊಂದು ಸ್ವರವನ್ನೂ ವರುಷಗಟ್ಟಲೆ ಸಾಧಿಸಿದರು. ತೆಂಗಿನ ಸಸಿ ನೆಟ್ಟವನು ಮರುವರುಷವೇ ಕಾಯಿ ಕೇಳನೆಂಬುದನ್ನು ಹೊನ್ನವಳ್ಳಿ ಸೀಮೆಯ ನಾವು ಬಲ್ಲೆವಷ್ಟೆ.

ತರುವಾಯ ಇವರು, ಗುರುವಿಗೆ ಮನಸ್ಸಿಲ್ಲದಿದ್ದರೂ, ಮರಾಠಿ ಸಂಗೀತ ನಾಟಕದ ಮಂಡಳಿಯನ್ನು ಸೇರಿದರು. ಗಡುಸೆನಿಸಿದ್ದ ಆ ಕಂಠದಿಂದಲೇ ಸ್ತ್ರೀಪಾತ್ರಗಳಲ್ಲಿ ಹಾಡಿ ಜನರನ್ನು ಕರಗಿಸಿದರು. ಅಮರಾವತಿಯಲ್ಲಿ ಇವರಿಗೆ ಸವಾಯಿ ಗಂಧರ್ವರೆಂಬ ಬಿರುದು ದೊರೆಯಿತು. ಸವಾಯಿ ಎಂದರೆ ಒಂದೂಕಾಲು ಪಾಲು.

1942ರಲ್ಲಿ ಪಾರ್ಶ್ವವಾಯು ಬಡಿಯಲು ಇವರ ಕಛೇರಿಗಳು ನಿಂತವು, 1952ರಲ್ಲಿ ತೀರಿಕೊಂಡರು. ಆದರೆ ವಿದ್ಯೆಯು ಅವರೊಂದಿಗೆ ಅಳಿಯಲಿಲ್ಲ. ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಕಲಿತ ಗಂಗೂಬಾಯಿ ಹಾನಗಲ್ಲರೂ, ಗುರುವಿನ ಮನೆಯಲ್ಲಿ ನೀರು ಹೊತ್ತು ಕಲಿತ ಭೀಮಸೇನ ಜೋಶಿಯವರೂ ಅದನ್ನು ಲೋಕಕ್ಕೆ ಮುಟ್ಟಿಸಿದರು. ಗಂಗೂಬಾಯಿಯವರ ದನಿಯೂ ಮುಂದೆ ಗಂಡಸಿನ ದನಿಯಂತೆ ಗಂಭೀರವಾಯಿತು. ತನ್ನ ಕಂಠದೊಡನೆ ಹೆಣಗಿದವನೇ ಇನ್ನೊಬ್ಬರ ಕಂಠದ ಬೆಲೆಯನ್ನು ಅರಿಯುವನೆಂದು ನಾವು ತಿಳಿಯುತ್ತೇವೆ.