ನಿಘಂಟುಕಾರ ಜೇಮ್ಸ್ ಮರ್ರೆ

ಇಂಗ್ಲೆಂಡಿನ ಗಡಿಗೆ ಸಮೀಪವಾದ ಸ್ಕಾಟ್ಲೆಂಡಿನ ಡೆನ್‌ಹೋಮ್ ಎಂಬ ಹಳ್ಳಿಯಲ್ಲಿ, ಒಬ್ಬ ದರ್ಜಿಯ ಮಗನಾಗಿ 1837ರಲ್ಲಿ ಜೇಮ್ಸ್ ಮರ್ರೆಯವರು ಜನಿಸಿದರು. 14ನೆಯ ವಯಸ್ಸಿಗೇ ಶಾಲೆ ಬಿಟ್ಟರೂ ವಿದ್ಯೆಯನ್ನು ಬಿಡಲಿಲ್ಲ. ಸ್ವಪ್ರಯತ್ನದಿಂದ ಹಲವು ಭಾಷೆಗಳನ್ನು ಕಲಿತು ಉಪಾಧ್ಯಾಯರಾದರು. ತಮ್ಮ ಗಡಿಸೀಮೆಯ ಆಡುನುಡಿಯನ್ನು ಕುರಿತು 1873ರಲ್ಲಿ ಗ್ರಂಥವನ್ನೇ ರಚಿಸಿದರು.

1879ರಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಸಂಪಾದಕತ್ವ ಅವರ ಪಾಲಿಗೆ ಬಂದಿತು. 10 ವರ್ಷಗಳಲ್ಲಿ ಮುಗಿಯಬೇಕೆಂದಿದ್ದ ಕಾರ್ಯವದು. 1884ರಲ್ಲಿ ಹೊರಬಂದ ಪ್ರಥಮ ಸಂಚಿಕೆ ‘ಆಂಟ್’ ಪದದ ಆಚೆಗೆ ಸಾಗಿರಲಿಲ್ಲ! ಓದುಗರು ಹಳೆಯ ಗ್ರಂಥಗಳ ಪ್ರಯೋಗಗಳನ್ನು ಚೀಟಿಗಳಲ್ಲಿ ಬರೆದು ಕಳುಹಿಸುತ್ತಿದ್ದರು. ಮನೆಯ ತೋಟದಲ್ಲಿದ್ದ ತಗಡಿನ ಕೊಠಡಿಯಲ್ಲಿ ಅಂತಹ ಲಕ್ಷಾಂತರ ಚೀಟಿಗಳು ತುಂಬಿದವು. ಅವನ್ನು ವಿಂಗಡಿಸಲು ಅವರ ಮಕ್ಕಳೂ ನೆರವಾದರು.

ಚೀಟಿಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿದಾಗ ಮರೆತುಹೋದ ಅರ್ಥಗಳು ಬೆಳಕಿಗೆ ಬಂದವು. ಇಂದು ಜಿಂಕೆಯ ಕುಲಕ್ಕೆ ಸಲ್ಲುವ ‘ಡಿಯರ್’ ಶಬ್ದಕ್ಕೆ ಹಿಂದೆ ಯಾವುದೇ ಮೃಗವೆಂಬ ಅರ್ಥವಿದ್ದಿತು. ಕಪಟಿಯನ್ನು ಸೂಚಿಸುವ ‘ನೇವ್’ ಮೊದಲಿಗೆ ಬರಿಯ ಬಾಲಕ, ಬಳಿಕ ಸೇವಕ. ‘ಟ್ರೀಕಲ್’ ಇಂದು ಕಾಕಂಬಿ. ಪೂರ್ವದಲ್ಲಿ ವಿಷಹರವಾದ ಔಷಧ.

1908ರಲ್ಲಿ ‘ಸರ್’ ಪದವಿ ಬಂದರೂ ಅವರ ದುಡಿಮೆ ಸಡಿಲಲಿಲ್ಲ. ‘ಟಿ’ ಅಕ್ಷರದ ಕಾರ್ಯದಲ್ಲಿ ತೊಡಗಿದ್ದಾಗಲೇ, 1915ರ ಜುಲೈ 26ರಂದು ಅವರು ಕಾಲವಶರಾದರು. 4 ಲಕ್ಷಕ್ಕೂ ಮಿಕ್ಕ ಪದಗಳ ಆ ಮಹಾಕೋಶ ಮುಗಿದುದು 1928ರಲ್ಲಿ. ಮನೆಮಾತಿನ ಮೇಲಣ ಮಮತೆ ಮಹಾಭಾಷೆಯೊಂದರ ಸೇವೆಗೆ ಅಡ್ಡಿಯಾಗಲಿಲ್ಲ, ಅಡಿಗಲ್ಲಾಯಿತು.