ಸಾಲದ ಗ್ಲೌಸ್ ತೊಟ್ಟು ಟೆಸ್ಟ್‌ಗಿಳಿದ ಮೂಲ್ಕಿಯ ಹುಡುಗ

ಬೇಸಗೆ ಬಂತೆಂದರೆ ನಮ್ಮ ಕುಂದಾಪುರ, ಬೈಂದೂರು, ಬ್ರಹ್ಮಾವರದಲ್ಲಿ ಟೆನಿಸ್‌ಬಾಲ್ ಟೂರ್ನಮೆಂಟ್‌ಗಳದ್ದೇ ಗೌಜು. ಕೊಯ್ಲಾದ ಗದ್ದೆಯಲ್ಲಿ ನಾನೂ ಬರಿಗೈಯಲ್ಲಿ ಕೀಪಿಂಗ್ ಮಾಡಿದವನೇ. ಕೀಪರ್ ಅಂದ್ರೆ ನಮಗೆ ಧೋನಿ. ಬ್ರಹ್ಮಾವರ, ಉಡುಪಿ ದಾಟಿ ಅದೇ ಹೆದ್ದಾರಿಯಲ್ಲಿ ಸಿಗುವ ಮೂಲ್ಕಿಯ ಬುಧಿ ಕುಂದರನ್ ಬಗ್ಗೆ ಯಾರೂ ಹೇಳಿರಲಿಲ್ಲ.

ಬುಧಿಸಾಗರ್ ಕೃಷ್ಣಪ್ಪ ಕುಂದರನ್ ಹುಟ್ಟಿದ್ದು 1939ರ ಅಕ್ಟೋಬರ್ 2ರಂದು. ಬೆಳೆದದ್ದು, ಕರಾವಳಿಯ ಎಷ್ಟೋ ಮನೆಗಳ ಮಕ್ಕಳಂತೆ, ಮುಂಬೈಯಲ್ಲಿ. ಒಂದೇ ಕೋಣೆಯಲ್ಲಿ ಇಡೀ ಸಂಸಾರ. 1960ರ ಜನವರಿಯಲ್ಲಿ ಆಸ್ಟ್ರೇಲಿಯಾ ವಿರುದ್ಧ ಮೊದಲ ಟೆಸ್ಟ್ ಆಡುವ ಹಿಂದಿನ ರಾತ್ರಿ ಮನೆಯಲ್ಲಿ ಜಾಗವಿಲ್ಲದೆ ಪಾರ್ಕಿನಲ್ಲಿ ಮಲಗಿದ್ದರಂತೆ. ಸ್ವಂತ ಗ್ಲೌಸ್ ಕೂಡ ಇರಲಿಲ್ಲ. ತನಗೆ ಜಾಗ ಬಿಟ್ಟುಕೊಟ್ಟ ನರೇನ್ ತಮ್ಹಾನೆಯವರಿಂದಲೇ ಪಡೆದು ಮೈದಾನಕ್ಕಿಳಿದರು. ಆಗಿನ್ನೂ 20 ವರ್ಷ, ಒಂದೇ ಒಂದು ರಣಜಿ ಪಂದ್ಯ ಆಡಿರಲಿಲ್ಲ. ಮುಂದಿನ ಟೆಸ್ಟ್‌ನಲ್ಲಿ, ಮದ್ರಾಸಿನಲ್ಲಿ, ಭಾರತ 149ಕ್ಕೆ ಮುದುರಿದಾಗ ಅದರಲ್ಲಿ 71 ಇವರದ್ದು. ಆಮೇಲೆ ರೈಲ್ವೇಸ್ ಪರ ಮೊದಲ ರಣಜಿ ಪಂದ್ಯದಲ್ಲೇ ದ್ವಿಶತಕ.

1964ರ ಜನವರಿ, ಮತ್ತೆ ಮದ್ರಾಸ್, ಎದುರಿಗೆ ಇಂಗ್ಲೆಂಡ್. ಫಾರೂಕ್ ಇಂಜಿನಿಯರ್‌ಗೆ ಹುಷಾರಿಲ್ಲ ಅಂತ ಸಿಕ್ಕ ಅವಕಾಶ ಅದು. ಕುಂದರನ್ ಹೊಡೆದದ್ದು 192. ಭಾರತದ ಕೀಪರೊಬ್ಬರ ಆ ದಾಖಲೆ ಮುರಿಯಲು 2013ರಲ್ಲಿ ಧೋನಿಯೇ ಬರಬೇಕಾಯ್ತು, ಅದೂ ಅದೇ ಊರಲ್ಲಿ. ದೆಹಲಿಯಲ್ಲಿ ಇನ್ನೊಂದು ಶತಕ. 5 ಟೆಸ್ಟ್‌ಗಳ ಆ ಸರಣಿಯಲ್ಲಿ ಒಟ್ಟು 525 ರನ್.

ಇಷ್ಟಾದ ಮೇಲೆ ಜಾಗ ಗಟ್ಟಿಯಾಗಬೇಕಿತ್ತಲ್ವಾ? ಅದೇ ವರ್ಷ ಆಸ್ಟ್ರೇಲಿಯಾ ಬಂದಾಗ ಮೂರೂ ಟೆಸ್ಟ್‌ಗಳಲ್ಲಿ ಸ್ಟಂಪ್ ಹಿಂದೆ ನಿಂತದ್ದು ಇಂದ್ರಜಿತ್‌ಸಿನ್ಹಜಿ. ನಂತರ ಇಂಜಿನಿಯರ್. ಇಂಜಿನಿಯರ್ ದೊಡ್ಡ ಆಟಗಾರ, ಅದರಲ್ಲಿ ಎರಡು ಮಾತಿಲ್ಲ. ಆದರೆ 525 ರನ್ ಹೊಡೆದವನಿಗೂ ಮುಂದಿನ ಸರಣಿಯ ಭರವಸೆ ಇರಲಿಲ್ಲ ಅನ್ನೋದೂ ಅಷ್ಟೇ ನಿಜ.

1967ರ ಇಂಗ್ಲೆಂಡ್ ಪ್ರವಾಸದಲ್ಲಿ ಇವರನ್ನು ಬೇಕಾದಲ್ಲಿಗೆ ತುಂಬಿಸಿದರು. ಲಾರ್ಡ್ಸ್‌ನಲ್ಲಿ ತಂಡ 110ಕ್ಕೆ ಬಿದ್ದಾಗ ಆರಂಭಿಕನಾಗಿ 47. ಎಜ್‌ಬಾಸ್ಟನ್‌ನಲ್ಲಿ ಹೊಸ ಚೆಂಡು ಕೈಗಿತ್ತು ಬೌಲಿಂಗ್ ಮಾಡಿಸಿದರು. ಅದೇ ಕೊನೆಯ ಟೆಸ್ಟ್. ಒಟ್ಟು 18 ಟೆಸ್ಟ್, 981 ರನ್. ಮೈಸೂರು ಪರವೂ ರಣಜಿ ಆಡಿ, ಆಮೇಲೆ ಸ್ಕಾಟ್ಲೆಂಡ್ ಸೇರಿದರು. ಡ್ರಂಪೆಲಿಯರ್ ಕ್ಲಬ್ಬಿಗೆ, ಸ್ಕಾಟ್ಲೆಂಡ್ ತಂಡಕ್ಕೂ ಆಡಿದರು. 2006ರ ಜೂನ್ 23ರಂದು ಗ್ಲಾಸ್ಗೋದಲ್ಲಿ ತೀರಿಕೊಂಡರು.

ಪ್ರತಿಭೆಯಿದ್ದರೆ ಸಾಕು, ಉಳಿದದ್ದು ತಾನಾಗೇ ಬರುತ್ತೆ ಅಂತ ಯಾರಾದರೂ ಹೇಳಿದಾಗ ನನಗೆ ಕುಂದರನ್ ನೆನಪಾಗ್ತಾರೆ. ಪ್ರತಿಭೆ ಅವರನ್ನು ಪಾರ್ಕಿನಿಂದ ಪಿಚ್‌ವರೆಗೆ ಒಯ್ದಿತು. ಅಲ್ಲೇ ಉಳಿಸುವುದು ಅವರ ಕೈಯಲ್ಲಿರಲಿಲ್ಲ, ಆಯ್ಕೆ ಮಾಡುವವರ ಕೈಯಲ್ಲಿತ್ತು. ಈ ಬೇಸಗೆಯಲ್ಲೂ ನಮ್ಮ ಗದ್ದೆಗಳಲ್ಲಿ ಯಾವನೋ ಹುಡುಗ ಬರಿಗೈಯಲ್ಲಿ ಚೆಂಡು ಹಿಡೀತಿರ್ತಾನೆ. ಅವನಿಗೆ ಈ ಹೆಸರಾದರೂ ಗೊತ್ತಿರಲಿ.